ಬುಡಕ್ಕೆ ಕತ್ತರಿಸಿದ ನೂಲು

ನಮ್ಮತ್ತೆ ಬಿದ್ದಾಗ ಅವರ ಕೈಯಲ್ಲಿ ಸೂಜಿ ಇತ್ತು. ಬಲಗೈ ಸ್ವಾಧೀನ ತಪ್ಪಿ ಜೋತುಬಿದ್ದಿತ್ತು, ಬಾಯಿ ಒಂದು ಕಡೆಗೆ ಎಳೆದುಕೊಂಡಿತ್ತು, ಆದರೂ ಸೂಜಿಯನ್ನು ಎಡಗೈಗೆ ಬದಲಾಯಿಸಿಕೊಂಡು ಗಟ್ಟಿಯಾಗಿ ಹಿಡಿದಿದ್ದರು. ಆಂಬುಲೆನ್ಸಿನವನು ಬೆರಳು ಬಿಡಿಸಲು ಹೋಗಿ ಚುಚ್ಚಿಸಿಕೊಂಡ. "ಅಜ್ಜಿಗೆ ಇನ್ನೂ ಶಕ್ತಿ ಇದೆ, ಹೆದರಬೇಡಿ" ಎಂದ. ಹೆದರಬೇಡಿ ಅನ್ನುವವರಿಗೇನು, ಅಂದು ಹೋಗುತ್ತಾರೆ. ನನಗೆ ಮಾತ್ರ ಅವತ್ತಿನಿಂದ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ.

ನಮ್ಮದು ಲಾಂಡ್ರಿ. ಬೀದಿಗೆ ಅಂಗಡಿ, ಅದರ ಹಿಂದೆ ಒಗೆಯುವ ಕೋಣೆ, ಮೇಲೆ ಮನೆ, ಅದರ ಮೇಲೆ ಬಟ್ಟೆ ಒಣಗುವ ತಾರಸಿ. ನನ್ನ ಗಂಡನ ಅಣ್ಣ, ಅಂದರೆ ಭಾವ, ಒಗೆಯುತ್ತಾರೆ. ಅವರ ಹೆಂಡತಿಯನ್ನು ನಾನು ಅಕ್ಕ ಅನ್ನುತ್ತೇನೆ. ಅಕ್ಕ ಇಸ್ತ್ರಿ ಮಾಡುತ್ತಾಳೆ. ಕಿತ್ತ ಗುಂಡಿ, ಹರಿದ ಜೇಬು, ಬಿಚ್ಚಿಕೊಂಡ ಹೊಲಿಗೆ ನನ್ನ ಪಾಲಿಗೆ. ನನ್ನ ಗಂಡ ವ್ಯಾನಿನಲ್ಲಿ ಮನೆಮನೆಗೆ ಮುಟ್ಟಿಸಿ ಬರುತ್ತಾರೆ. ಇದರ ಎರಡೂ ತುದಿಯಲ್ಲಿ ಅತ್ತೆ. ಕೊಳೆ ಬಟ್ಟೆ ಬಂದ ಕೂಡಲೇ ಕಾಲರಿನ ಒಳಗೋ ಸೊಂಟದ ಪಟ್ಟಿಯ ಒಳಗೋ ಬಣ್ಣದ ನೂಲಿನಲ್ಲಿ ಎರಡು ಮೂರು ಹೊಲಿಗೆ ಹಾಕುತ್ತಾರೆ. ಅದು ಆ ಮನೆಯ ಗುರುತು. ಇಸ್ತ್ರಿಯಾಗಿ ಬಂದ ಮೇಲೆ ಆ ಗುರುತು ನೋಡಿ "ಬೇಕರಿ", "ಮಹಡಿ ಮೇಷ್ಟ್ರು", "ಮೂಲೆಮನೆ ನರ್ಸಮ್ಮ" ಎಂದು ಕೂಗಿ, ನೂಲು ಕತ್ತರಿಸಿ, ಗಂಟು ಕಟ್ಟುತ್ತಾರೆ. ನೂಲು ತೆಗೆಯದೆ ಒಂದು ಕರವಸ್ತ್ರವೂ ನಮ್ಮ ಹೊಸಿಲು ದಾಟುವಂತಿಲ್ಲ. "ಅವರ ಮೈಮೇಲೆ ನಮ್ಮ ಗುರುತು ಯಾಕಿರಬೇಕು?" ಎಂಬುದು ಅತ್ತೆಯ ಪಾಲಿಸಿ.

ಯಾವ ಮನೆಗೆ ಯಾವ ನೂಲು ಎನ್ನುವುದು ಅತ್ತೆಯ ತಲೆಯಲ್ಲಿ ಮಾತ್ರ ಇತ್ತು. ಮದುವೆಯಾಗಿ ಬಂದ ಹೊಸತರಲ್ಲಿ ನನಗೂ ಹೇಳಿಕೊಡಿ ಎಂದು ಕೇಳಿದ್ದೆ. "ಬಿಸಿ ಇಸ್ತ್ರಿ ಕೈಗೆ ನೂಲು ಕೊಟ್ರೆ ಸುಟ್ಟುಹೋಗುತ್ತೆ" ಎಂದಿದ್ದರು. ಅವತ್ತಿನಿಂದ ಈ ಮನೆಯಲ್ಲಿ ಮುಂಗೋಪಿಯಾದ ನನ್ನ ಹೆಸರೇ ಬಿಸಿ ಇಸ್ತ್ರಿ. ಒಮ್ಮೆ ಅವರಿಗೆ ಜ್ವರ ಬಂದಾಗ ಅವರ ಪಕ್ಕದಲ್ಲೇ ಕೂತು ಕತ್ತರಿಯನ್ನಾದರೂ ಹಿಡಿದಿದ್ದೆ. ನೂಲು ಕತ್ತರಿಸುವಾಗ ಬಾಲ ಬಿಡುತ್ತೀಯ, ಮಕ್ಕಳ ಕುತ್ತಿಗೆಗೆ ಚುಚ್ಚುತ್ತೆ ಎಂದು ಅದನ್ನೂ ಕಿತ್ತುಕೊಂಡರು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ನಾನು ಸುಮ್ಮನಾದೆ. ಆ ಕಾಲ ಹೀಗೆ ಬಂದೀತು ಎಂದು ಯಾರಿಗೆ ಗೊತ್ತಿತ್ತು!

ಬಂದದ್ದಾದರೂ ಎಂಥ ಹೊತ್ತಿನಲ್ಲಿ! ರಜೆ ಮುಗಿದು ಸೋಮವಾರ ಶಾಲೆ ತೆರೆಯುತ್ತಿತ್ತು. ಊರಿನ ಮಕ್ಕಳ ಬಿಳಿ ಅಂಗಿಗಳೆಲ್ಲ ನಮ್ಮ ಅಂಗಡಿಯಲ್ಲೇ ಬಿದ್ದಿದ್ದವು. ಎಲ್ಲ ಅಂಗಿಗೂ ಅತ್ತೆ ಗುರುತು ಹಾಕಿ ಮುಗಿಸಿದ್ದರು. ಕೊನೆಯದಕ್ಕೆ ಹಾಕುವಾಗಲೇ ಬಿದ್ದದ್ದು. ಬಸ್ ಸ್ಟ್ಯಾಂಡಿನ ಎದುರು ದೊಡ್ಡ ದೊಡ್ಡ ಮಶೀನುಗಳ ಹೊಸ ಲಾಂಡ್ರಿ ಶುರುವಾಗಿದೆ. ಬೆಳಿಗ್ಗೆ ಕೊಟ್ಟರೆ ಸಂಜೆಗೆ ಕೊಡುತ್ತಾರೆ. ಸೋಮವಾರ ಒಂದು ಮಗು ಅಂಗಿಯಿಲ್ಲದೆ ಉಳಿದರೂ ಆ ಮನೆ ಅಲ್ಲಿಗೆ ಹೋಯಿತೆಂದೇ ಲೆಕ್ಕ, ತಿರುಗಿ ಬರುವುದಿಲ್ಲ. ಅಂಗಡಿ ಇಲ್ಲದ ಅತ್ತೆ ಆಸ್ಪತ್ರೆಯಿಂದ ಎದ್ದು ಬಂದಾದರೂ ಏನು ಮಾಡುತ್ತಾರೆ?

ಡಾಕ್ಟರ್ ಖಡಾಖಂಡಿತವಾಗಿ ಹೇಳಿದ್ದರು. "ಮನಸ್ಸಿಗೆ ಗಾಬರಿಯಾಗೋ ವಿಷಯ ಏನೂ ಎತ್ತಬೇಡಿ. ಅಂಗಡಿ ಮಾತಂತೂ ಬೇಡವೇ ಬೇಡ." ಆದರೆ ನಾವು ಎತ್ತದಿದ್ದರೂ ಅತ್ತೆ ಬಿಡಬೇಕಲ್ಲ. ನಾಲಿಗೆ ತೊದಲುತ್ತಿತ್ತು, ನೀರು ಕುಡಿದರೆ ಅರ್ಧ ಗಲ್ಲಕ್ಕೆ ಇಳಿಯುತ್ತಿತ್ತು. ಆದರೂ ಮನೆಯವರ ಮುಖ ಕಂಡ ಕೂಡಲೇ ಒಂದೇ ಮಾತು. "ಬಟ್ಟೆ?"

"ಹೋಗ್ತಾ ಇದೆ ಅತ್ತೆ, ಎಲ್ಲಾ ಸರಿಯಾಗಿದೆ" ಎನ್ನುತ್ತಿದ್ದೆವು. ಅವರು ನಮ್ಮನ್ನು ಕೆಳಗಿನಿಂದ ಮೇಲಿನವರೆಗೆ ನೋಡುತ್ತಿದ್ದರು. ಸುಳ್ಳು ಹೇಳುವುದಕ್ಕೂ ಯೋಗ್ಯತೆ ಬೇಕು, ನಮ್ಮ ಮನೆಯಲ್ಲಿ ಅದು ಯಾರಿಗೂ ಇಲ್ಲ.

ಭಾವ ಫೋನು ಹಿಡಿದು ಕೂತರು. ಮೊದಲು ಬಂದವರು ಚಿಕ್ಕಮಾವ, ಮಾವನ ತಮ್ಮ. ಜೀವನವೆಲ್ಲ ಬಸ್ ಕಂಡಕ್ಟರ್ ಆಗಿದ್ದವರು. ಈಗ ರಿಟೈರ್ ಆಗಿದ್ದರೂ ಅಂಗಡಿಯೊಳಗೆ ಬಂದವರಿಗೆಲ್ಲ "ಒಳಗೆ ಹೋಗಿ, ಒಳಗೆ ಹೋಗಿ, ಜಾಗ ಇದೆ" ಎನ್ನುತ್ತಾರೆ. ಮಾರನೆಯ ದಿನ ಬಂದವಳು ನನ್ನ ನಾದಿನಿ.

ನಾನು ಈ ಮನೆಗೆ ಬರುವ ಮುಂಚೆಯೇ ಅವಳು ಈ ಮನೆ ಬಿಟ್ಟಿದ್ದಳು. ಅತ್ತೆ ಸೂಜಿಯನ್ನು ಅವಳ ಕೈಗೆ ಕೊಡಬೇಕೆಂದಿದ್ದರಂತೆ. ಇವಳು "ಜನ್ಮವೆಲ್ಲಾ ಊರವರ ಕೊಳೆ ಎಣಿಸ್ತಾ ಕೂರೋಕೆ ನನ್ನಿಂದಾಗಲ್ಲ" ಎಂದಳಂತೆ. "ಹಾಗಾದ್ರೆ ಈ ಹೊಸಿಲು ತುಳೀಬೇಡ" ಎಂದರಂತೆ ಅತ್ತೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತಾಯಿಯೂ ಕರೆಯಲಿಲ್ಲ, ಮಗಳೂ ಬರಲಿಲ್ಲ. ಅತ್ತೆಯ ಎದುರು ಅವಳ ಸುದ್ದಿ ಎತ್ತುವಂತಿರಲಿಲ್ಲ. ಚಿಕ್ಕಮಾವ ಮಾತ್ರ ಗೋಡೆಗೆ ಹೇಳಿದ ಹಾಗೆ ಅತ್ತೆಗೆ ಕೇಳಿಸುವಂತೆ ಸುದ್ದಿ ಉದುರಿಸಿ ಹೋಗುತ್ತಿದ್ದರು. ಅಂಚೆ ಕಚೇರಿಯಲ್ಲಿ ಕೆಲಸ ಸಿಕ್ಕಿತಂತೆ. ಮದುವೆಯಾಯಿತಂತೆ. ಗಂಡು ಮಗುವಂತೆ. ಅತ್ತೆ ತಲೆ ಎತ್ತದೆ ನೂಲು ಪೋಣಿಸುತ್ತಿದ್ದರು.

ನನಗೆ ಅವಳ ಮೇಲೆ ಮುಖ ನೋಡುವ ಮೊದಲೇ ಸಿಟ್ಟಿತ್ತು. ನನಗೆ ಕೇಳಿದರೂ ಸಿಗದ ಸೂಜಿ, ಅವಳಿಗೆ ಬೇಡವೆಂದರೂ ಕೊಡಲು ಬಂದಿದ್ದರಲ್ಲ!

ಅವಳು ಒಂದು ಸಣ್ಣ ಚೀಲ ಹಿಡಿದು, ಹೊಸಿಲ ಆಚೆಯೇ ನಿಂತಿದ್ದಳು. ಭಾವ ಕೈ ಹಿಡಿದು ಒಳಗೆ ಎಳೆದುಕೊಂಡರು.

"ಆಸ್ಪತ್ರೆಗೆ ನಾನು ಬರಲ್ಲ ಅಣ್ಣಾ" ಎಂದಳು. "ನನ್ನ ಮುಖ ನೋಡಿ ಅಮ್ಮನಿಗೆ ಇನ್ನೇನಾದ್ರೂ ಆದ್ರೆ? ಇಲ್ಲಿ ಕೈಲಾದ ಕೆಲಸ ಮಾಡ್ತೀನಿ. ಭಾನುವಾರ ಸಂಜೆ ಬಸ್ಸಿಗೆ ಹೋಗಿಬಿಡ್ತೀನಿ. ನಾನು ಬಂದಿದ್ದೆ ಅಂತಾನೂ ಹೇಳಬೇಡಿ."

ಹೀಗೆ ಅಂದವಳು, ಆಸ್ಪತ್ರೆಯಿಂದ ಯಾರು ಬಂದರೂ ಅವರ ಹಿಂದೆ ಹಿಂದೆ ಓಡಾಡುತ್ತಿದ್ದಳು. ಏನು ತಿಂದ್ರು? ಎಡಗೈ ಎತ್ತಿದ್ರಾ? ಕನ್ನಡಕ ಹಾಕ್ಕೊಂಡಿದ್ರಾ? ತಾನು ಹಾಲು ತರುತ್ತೇನೆಂದು ಹೋದವಳು ಆಸ್ಪತ್ರೆಯ ಗೇಟಿನ ತನಕ ಹೋಗಿ ವಾಪಸು ಬಂದದ್ದನ್ನು ನನ್ನ ಗಂಡ ವ್ಯಾನಿನಿಂದ ನೋಡಿದ್ದರು. ಹಾಲನ್ನೂ ತಂದಿರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಅಮ್ಮನ ಮುಖ; ಅದೊಂದನ್ನು ಬಿಟ್ಟು ಮಿಕ್ಕ ಎಲ್ಲ ಕೆಲಸ ಮಾಡುತ್ತಿದ್ದಳು. ನೋಡಿ ನನಗೆ ಅಯ್ಯೋ ಅನ್ನಿಸುತ್ತಿತ್ತು, ಮರುಕ್ಷಣ ರೇಗಿಯೂ ಹೋಗುತ್ತಿತ್ತು.

ಬಟ್ಟೆಯ ವಿಷಯಕ್ಕೆ ಉಪಾಯ ಹುಡುಕಿದ್ದು ನಾನೇ. ನಮಗೆ ಗುರುತುಗಳ ಅರ್ಥ ಗೊತ್ತಿಲ್ಲ, ನಿಜ. ಆದರೆ ಒಂದು ಮನೆಯ ಒಂದೇ ಒಂದು ಬಟ್ಟೆ ಯಾರದೆಂದು ಗೊತ್ತಾದರೂ ಸಾಕು, ಅದೇ ನೂಲಿರುವ ಉಳಿದದ್ದೆಲ್ಲ ಅವರದೇ. ಬೇಕರಿಯವನ ಏಪ್ರನ್ ಯಾರಿಗೆ ತಿಳಿಯದು? ಅದರ ನೂಲು ನೋಡಿಕೊಂಡರೆ ಅವನ ಮಕ್ಕಳ ಅಂಗಿಗಳೂ ಸಿಕ್ಕಿದ ಹಾಗೆ. "ಬಿಸಿ ಇಸ್ತ್ರಿಗೆ ಬುದ್ಧಿಯೂ ಇದೆ" ಎಂದರು ಭಾವ. ನಾನು ಉಬ್ಬಿದೆ. ಮೊದಲು ಒಗೆದು ಇಸ್ತ್ರಿ ಮುಗಿಸೋಣ, ಆಮೇಲೆ ಎಲ್ಲ ಹರಡಿಕೊಂಡು ನೂಲು ನೋಡೋಣ ಎಂದು ತೀರ್ಮಾನವಾಯಿತು.

ಶನಿವಾರ ಬೆಳಗಾದದ್ದೇ ಎಲ್ಲರೂ ಕಾಲಿಗೆ ಚಕ್ರ ಕಟ್ಟಿಕೊಂಡರು. ಭಾವ ಮಶೀನಿಗೆ ತುಂಬುವುದು, ಚಿಕ್ಕಮಾವ ಬಕೆಟ್ಟು ಹೊತ್ತು ಏದುಸಿರು ಬಿಡುತ್ತ ತಾರಸಿ ಹತ್ತುವುದು, ನನ್ನ ಗಂಡ ಹರವುವುದು, ಅಕ್ಕ ಎರಡು ಇಸ್ತ್ರಿ ಪೆಟ್ಟಿಗೆ ಇಟ್ಟುಕೊಂಡು ಒಂದು ಕಾಯುವಾಗ ಇನ್ನೊಂದರಲ್ಲಿ ತೀಡುವುದು. ನಾನು ಗುಂಡಿ ಹಾಕಿ ಮಡಿಸಿ, ಅತ್ತೆಯ ಮೇಜಿನ ಮೇಲೆ ಇಡುತ್ತಿದ್ದೆ. ಆ ಮೇಜಿಗೆ ನಾದಿನಿ ಕೂತಿದ್ದಳು. ಗುಂಡಿ ಹಾಕುವ ನೂಲು ಮುಗಿದಾಗ ಹೊಸ ಉಂಡೆ ಹುಡುಕಿ, ಮಧ್ಯೆ ಆಸ್ಪತ್ರೆಗೆ ಗಂಜಿ ಕಳಿಸಿ, ಬಾಗಿಲಿಗೆ ಬಂದ ಗಿರಾಕಿಗಳಿಗೆ ಸಂಜೆ ಬನ್ನಿ, ನಾಳೆ ಬನ್ನಿ ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿತ್ತು. ಆದರೂ ಏನೋ ಒಂದು ಹುರುಪು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುವ ನಮ್ಮ ಮನೆಯಲ್ಲಿ ಅವತ್ತು ಎಲ್ಲರೂ ಒಂದೇ ಕಡೆಗೆ ಎಳೆಯುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಗೋಡೆಯುದ್ದಕ್ಕೂ ಮಡಿಸಿದ ಬಿಳಿ ಅಂಗಿಗಳ ಸಾಲು ನಿಂತಿತ್ತು. ಅತ್ತೆ ಇದ್ದಿದ್ದರೂ ಇಷ್ಟು ಬೇಗ ಮುಗಿಯುತ್ತಿರಲಿಲ್ಲ ಎಂದು ಚಿಕ್ಕಮಾವ ಬೀಗಿದರು.

ನಾನು ಮೇಲಿನ ಒಂದು ಅಂಗಿ ತೆಗೆದು ಕಾಲರ್ ತಿರುವಿದೆ. ನೂಲಿರಲಿಲ್ಲ. ಇನ್ನೊಂದು ತಿರುವಿದೆ. ಅದರಲ್ಲೂ ಇಲ್ಲ. ಸಾಲಿನ ಆ ತುದಿಗೆ ಓಡಿ ಒಂದನ್ನು ಎಳೆದೆ.

"ನೂಲೆಲ್ಲಿ?" ಎಂದೆ. ನನ್ನ ಧ್ವನಿ ನನಗೇ ಬೇರೆ ಯಾರದೋ ಎನ್ನುವಂತೆ ಕೇಳಿಸಿತು.

ನಾದಿನಿ ತಲೆ ಎತ್ತಿದಳು. ಅವಳ ಮುಂದೆ ಅತ್ತೆಯ ಸಣ್ಣ ಕತ್ತರಿ, ಮೇಜಿನ ಮೂಲೆಯಲ್ಲಿ ಕೆಂಪು, ಹಳದಿ, ನೀಲಿ ನೂಲಿನ ಚೂರುಗಳ ಒಂದು ಸಣ್ಣ ಗುಡ್ಡೆ.

"ಕತ್ತರಿಸಿದೆ ಅತ್ತಿಗೆ" ಎಂದಳು, ಶಭಾಸ್‌ಗಿರಿ ಸಿಗುತ್ತದೆ ಎಂಬಂಥ ಮುಖದಲ್ಲಿ. "ಒಂದನ್ನೂ ಬಿಟ್ಟಿಲ್ಲ."

ಭಾವ ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದು ನಿಂತರು. ಅಕ್ಕ ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿ ಹಿಡಿದವಳು ಹಾಗೇ ಉಳಿದಳು. ನಾದಿನಿಗೆ ಅವಳ ತಪ್ಪು ಏನೆಂದು ನಾವೇ ಹೇಳಬೇಕಾಯಿತು. ಅವಳು ಇದ್ದ ಕಾಲದಲ್ಲಿ ದೊಡ್ಡ ಮಶೀನಿರಲಿಲ್ಲ. ಒಂದು ಮನೆಯ ಬಟ್ಟೆ ಒಂದೇ ತೊಟ್ಟಿಯಲ್ಲಿ ನೆನೆದು, ಒಂದೇ ತಂತಿಯ ಮೇಲೆ ಒಣಗಿ, ಒಂದೇ ಗುಡ್ಡೆಯಾಗಿ ಮೇಜಿಗೆ ಬರುತ್ತಿತ್ತು. ನೂಲು ಬರೀ ಎಚ್ಚರಿಕೆಗೆ. ಮೇಜಿಗೆ ಬಂದ ಮೇಲೆ ನೂಲು ತೆಗೆಯಬೇಕು ಎಂಬುದು ಅವಳಿಗೆ ಹಾಲು ಹಲ್ಲಿನ ಕಾಲದಿಂದ ಬಂದ ಅಭ್ಯಾಸ. ನಾನು ತಂದಿಟ್ಟ ಗುಡ್ಡೆಗಳನ್ನು ಅವಳು ಒಂದೊಂದು ಮನೆ ಎಂದುಕೊಂಡಿದ್ದಳು. ನೂಲು ನೋಡುವ ತೀರ್ಮಾನವಾದಾಗ ಅವಳು ಹಾಲಿಗೆಂದು ಹೋಗಿದ್ದಳು; ಈಗ ಬಿಳಿಯದೆಲ್ಲ ಒಟ್ಟಿಗೆ ಒಗೆಯುತ್ತೇವೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

ಆದರೆ ಇದನ್ನೆಲ್ಲ ಯೋಚಿಸುವ ತಾಳ್ಮೆ ಆಗ ಯಾರಿಗಿತ್ತು? ನಾನು ಕಿರುಚಿದೆ, "ನಿನಗೆ ಯಾರಮ್ಮ ಕತ್ತರಿ ಹಿಡಿ ಅಂದಿದ್ದು? ಇಷ್ಟು ವರ್ಷ ಇಲ್ಲದವಳು ಈಗ ಬಂದು ಮನೆಗೆ ಬೆಂಕಿ ಹಚ್ಚಿದೆಯಲ್ಲ! ಹೊಸಿಲು ತುಳೀಬೇಡ ಅಂತ ಅತ್ತೆ ಸುಮ್ಮನೆ ಅಂದಿರಲಿಲ್ಲ!"

ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವಳು ಎದ್ದು, ಗೂಟಕ್ಕೆ ಹಾಕಿದ್ದ ತನ್ನ ಚೀಲ ತೆಗೆದುಕೊಂಡಳು. ನನ್ನ ಗಂಡ ಅಡ್ಡ ನಿಂತರು.

"ಬಿಡೋ ಅಣ್ಣಾ. ಒಂದಾದ್ರೂ ಸರಿಯಾಗಿ ಮಾಡಿ ಹೋಗೋಣ ಅಂತ ಬಂದೆ. ಅಮ್ಮ ಎದ್ದು ಬಂದು ಅಂಗಡಿ ಇಲ್ಲ ಅಂತ ನೋಡಿದ್ರೆ, ನಾನು ಯಾವ ಮುಖ ಇಟ್ಕೊಂಡು..."

ಆಗಲೇ ಅಕ್ಕ ಬಾಯಿ ಬಿಟ್ಟದ್ದು. ಅಕ್ಕ ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು.

"ಇದು ಪ್ರಿಂಟಿಂಗ್ ಪ್ರೆಸ್ಸಿನವರ ಮಗಳದ್ದು" ಎಂದಳು, ಕೈಯಲ್ಲಿದ್ದ ಅಂಗಿಯನ್ನು ಬೆಳಕಿಗೆ ಹಿಡಿದು. "ಕಾಲರ್ ತುದಿ ಜಗೀತಾಳೆ ಆ ಹುಡುಗಿ. ಎಷ್ಟು ತೀಡಿದ್ರೂ ನೆಟ್ಟಗಾಗಲ್ಲ."

ಎಲ್ಲರೂ ಅವಳನ್ನೇ ನೋಡಿದೆವು. ಅಕ್ಕ ಇನ್ನೊಂದು ಎತ್ತಿಕೊಂಡಳು. "ಇದು ಎಡಗೈಲಿ ಬರೆಯೋ ಮಗೂದು. ಎಡತೋಳು ಮಾತ್ರ ಸವೆದಿದೆ. ಯಾರ ಮನೆ ಅಂತ ನಂಗೊತ್ತಿಲ್ಲ."

"ಮಹಡಿ ಮೇಷ್ಟ್ರ ಚಿಕ್ಕವನು" ಎಂದರು ನನ್ನ ಗಂಡ. "ಬಾಗಿಲು ತೆಗೆದಾಗೆಲ್ಲ ಎಡಗೈಲೇ ಗಂಟು ಇಸ್ಕೋತಾನೆ."

ಭಾವ ಒದ್ದೆ ಕೈ ಒರೆಸಿಕೊಂಡು ನೆಲಕ್ಕೆ ಕೂತರು. ಜೇಬಿನ ಹತ್ತಿರ ಇದ್ದ ಮಸುಕು ನೀಲಿಯನ್ನು ಮೂಸಿ ನೋಡುವಷ್ಟು ಹತ್ತಿರ ಹಿಡಿದರು. "ಈ ಶಾಯಿ ಜೊತೆ ನಾನು ಹೋದ ವರ್ಷದಿಂದ ಕುಸ್ತಿ ಆಡ್ತಿದ್ದೀನಿ. ನರ್ಸಮ್ಮನ ಮಗನದ್ದು. ಇಡು ಆ ಕಡೆ."

ಹಾಗೆ ಶುರುವಾಯಿತು. ನಮ್ಮಲ್ಲಿ ಯಾರೊಬ್ಬರಿಗೂ ಪೂರ್ತಿ ಗೊತ್ತಿರಲಿಲ್ಲ, ಆದರೆ ಎಲ್ಲರಿಗೂ ಸ್ವಲ್ಪ ಸ್ವಲ್ಪ ಗೊತ್ತಿತ್ತು. ಭಾವನಿಗೆ ಕಲೆ ಗೊತ್ತು, ಅಕ್ಕನಿಗೆ ಸವೆತ ಗೊತ್ತು. ನಾನು ಹಾಕಿದ ಗುಂಡಿ ನನಗೆ ಗೊತ್ತು: ಬಿಳಿ ನೂಲು ಮುಗಿದು ಕೆನೆಬಣ್ಣದಲ್ಲಿ ಹೊಲಿದದ್ದು ಯಾರ ಮನೆಗೆ, ಎರಡು ತೂತಿನ ಗುಂಡಿ ಸಾಕೆಂದು ಹಟ ಹಿಡಿದದ್ದು ಯಾವ ತಾಯಿ, ಎಲ್ಲ. ನನ್ನ ಗಂಡನಿಗೆ ಬಾಗಿಲುಗಳೂ ಬಾಗಿಲು ತೆರೆಯುವವರ ಎತ್ತರಗಳೂ ಗೊತ್ತು. ಇನ್ನು ಚಿಕ್ಕಮಾವನಿಗೆ ಊರಿನ ಸಂಸಾರಗಳೇ ಗೊತ್ತು.

"ಆ ದೊಡ್ಡ ಅಂಗಿ ಕನ್ನಡಕದಂಗಡಿಯವನದ್ದು ತಾನೆ? ಅವನ ಮನೆಗೆ ಕಳಿಸಬೇಡಿ" ಎಂದರು.

"ಯಾಕೆ ಮಾವ?"

"ಅವನು ಈಗ ಆ ಸ್ಟಾಪಿನಲ್ಲಿ ಇಳಿಯಲ್ಲ ಕಣಮ್ಮ. ಎರಡು ಸ್ಟಾಪ್ ಮುಂದೆ ಇಳೀತಾನೆ."

ಅಷ್ಟು ಆತಂಕದಲ್ಲೂ ನಗು ತಡೆಯಲಾಗಲಿಲ್ಲ. ನಾದಿನಿ ಮಾತ್ರ ನಗಲಿಲ್ಲ. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತಿದ್ದಳು. ನಾನು ಹೋಗಿ ಚೀಲ ಕಿತ್ತುಕೊಂಡು ಮತ್ತೆ ಗೂಟಕ್ಕೆ ಹಾಕಿದೆ. ಕ್ಷಮೆ ಕೇಳುವುದು ನನಗೆ ಬರುವುದಿಲ್ಲ, ಚಿಕ್ಕಂದಿನಿಂದಲೂ ಬಂದಿಲ್ಲ. "ಸೂಜಿ ತಗೋ" ಎಂದೆ. "ಯಾರದು ಅಂತ ಗೊತ್ತಾದ ಕೂಡಲೇ ನೂಲು ಹಾಕು. ಮತ್ತೆ ಕಲೆಸಿಹೋದ್ರೆ ನನ್ನ ಕೈಲಿ ಆಗಲ್ಲ."

ಅವಳು ಸೂಜಿಗೆ ಹಳದಿ ನೂಲು ಪೋಣಿಸಿದಳು. "ಬೇಕರಿಗೆ ಹಳದಿ ಅಲ್ವಾ ಆಗ? ಎರಡು ಅಡ್ಡ, ಒಂದು ಉದ್ದ" ಎಂದು ತನ್ನಷ್ಟಕ್ಕೇ ಅಂದಳು. ಮರೆತಿರಲಿಲ್ಲ ಪುಣ್ಯಾತ್ಗಿತ್ತಿ.

ಭಾನುವಾರ ಮಧ್ಯಾಹ್ನದ ತನಕ ವ್ಯಾನು ಓಡುತ್ತಲೇ ಇತ್ತು. ಮಧ್ಯೆ ಮಧ್ಯೆ ಎಡವಟ್ಟುಗಳೂ ಆದವು. ಅವಳಿ ಮಕ್ಕಳ ಮನೆಗೆ ಒಂದೇ ಮಗುವಿನ ಅಂಗಿ ಹೋಗಿ, ಇನ್ನೊಂದು ಮಗು ರಂಪ ಮಾಡಿತು. ಅದನ್ನು ಹುಡುಕಿ ಓಡಿ ಕೊಟ್ಟದ್ದಾಯಿತು. ಗಿರಾಕಿಗಳಲ್ಲಿ ಒಬ್ಬರಿಬ್ಬರು ಗೊಣಗಿದರು. ಹೆಚ್ಚಿನವರು ಅತ್ತೆ ಹೇಗಿದ್ದಾರೆ ಎಂದು ಕೇಳಿ ಸುಮ್ಮನಾದರು. ಗೋಡೆಯ ಸಾಲು ಕರಗುತ್ತಾ ಕರಗುತ್ತಾ ಬಂದು ಕೊನೆಗೆ ಒಂದು ಅಂಗಿ ಉಳಿಯಿತು.

ಮಗುವಿನ ಅಂಗಿ, ಚಿಕ್ಕದು. ಭಾವ ತಿರುಗಿಸಿ ಮುರುಗಿಸಿ ನೋಡಿದರು, ಕಲೆಯಿಲ್ಲ. ಅಕ್ಕ ತೋಳು, ಮೊಣಕೈ, ಕಾಲರ್ ಸವರಿದಳು, ಸವೆತವಿಲ್ಲ. ಗುಂಡಿಗಳು ನನ್ನವಲ್ಲ. ನನ್ನ ಗಂಡ ಅಷ್ಟು ಚಿಕ್ಕ ಮಕ್ಕಳಿರುವ ಮನೆಗಳಿಗೆಲ್ಲ ಫೋನು ಮಾಡಿದರು, ಎಲ್ಲರಿಗೂ ಅವರವರದು ಮುಟ್ಟಿತ್ತು. ಚಿಕ್ಕಮಾವನಿಗೆ ಕೂಡ ಹೊಳೆಯಲಿಲ್ಲ.

"ಹೋಗಲಿ ಬಿಡಮ್ಮ, ಒಂದು ಅಂಗಿ ತಾನೆ. ಬೇಕಾದವರು ಕೇಳ್ಕೊಂಡು ಬರ್ತಾರೆ" ಎಂದರು.

"ಬರಲ್ಲ ಮಾವ. ನಾಳೆ ಬೆಳಿಗ್ಗೆ ಒಂದು ಮಗು ಅಂಗಿ ಇಲ್ಲ ಅಂತ ಅಳ್ತಾ ಕೂತಿರುತ್ತೆ. ಅತ್ತೆ 'ಎಲ್ಲಾ ಹೋಯ್ತಾ' ಅಂತ ಕೇಳ್ತಾರೆ. ನಾನು ಏನನ್ನಲಿ?"

"ಹೋಯ್ತು ಅನ್ನು."

ಅನ್ನಬಹುದಿತ್ತು. ಆದರೆ ಹಲ್ಲಿನಲ್ಲಿ ಸಿಕ್ಕಿಕೊಂಡ ನಾರಿನ ಹಾಗೆ ಆ ಅಂಗಿ ನನ್ನನ್ನು ಬಿಡಲಿಲ್ಲ. ಸಂಜೆ ಅತ್ತೆಗೆ ಊಟ ಕೊಂಡೊಯ್ಯುವಾಗ ಯಾರಿಗೂ ಹೇಳದೆ ಅದನ್ನು ಡಬ್ಬಿಯ ಚೀಲದೊಳಗೆ ತುರುಕಿದೆ. ವ್ಯಾನಿನಲ್ಲಿ ನಾದಿನಿಯೂ ಇದ್ದಳು, ತನ್ನ ಚೀಲದ ಜೊತೆ. ನನ್ನನ್ನು ಆಸ್ಪತ್ರೆಯಲ್ಲಿ ಇಳಿಸಿ ಅವಳನ್ನು ಬಸ್ಸು ಹತ್ತಿಸುವುದು ಎಂದು ಮಾತಾಗಿತ್ತು. ಆಸ್ಪತ್ರೆಯ ಅಂಗಳದಲ್ಲಿ ವ್ಯಾನು ನಿಂತಾಗ ಅವಳು ಮೇಲಿನ ಕಿಟಕಿಗಳನ್ನು ನೋಡಿದಳು.

"ಯಾವುದು ಅತ್ತಿಗೆ?"

"ಮೂರನೇದು. ಹಸಿರು ಪರದೆ." ಸ್ವಲ್ಪ ತಡೆದು ಅಂದೆ, "ನಾನು ಬರೋವರೆಗೂ ಹೋಗಬೇಡ."

"ಬಸ್ಸು..."

"ಬಸ್ಸಿಗೇನು, ನಾಳೆನೂ ಇರುತ್ತೆ" ಎಂದು ಬಾಗಿಲು ದಡಾರನೆ ಹಾಕಿ ಮೆಟ್ಟಿಲು ಹತ್ತಿದೆ.

ಅತ್ತೆ ದಿಂಬಿಗೆ ಒರಗಿ ಕೂತಿದ್ದರು. ಬಾಯಿ ಸ್ವಲ್ಪ ನೆಟ್ಟಗಾಗಿತ್ತು.

"ಬಟ್ಟೆ?"

"ಎಲ್ಲಾ ಹೋಯ್ತು ಅತ್ತೆ."

"ಎಲ್ಲಾ?"

ಡಾಕ್ಟರ್ ಹೇಳಿದ್ದು ನೆನಪಿತ್ತು. ಮನೆಯವರೆಲ್ಲರ ಮುಖವೂ ನೆನಪಿತ್ತು. ಆದರೆ ಆ ಕಣ್ಣುಗಳ ಎದುರು ನಾನು ಯಾವತ್ತು ಗೆದ್ದಿದ್ದೇನೆ? ಅಂಗಿಯನ್ನು ತೆಗೆದು ಅವರ ಮಡಿಲಿಗೆ ಹಾಕಿದೆ. "ಇದೊಂದು ಬಿಟ್ಟು. ಇದು ಯಾರದಂತ ಗೊತ್ತಾಗಲಿಲ್ಲ."

ಅತ್ತೆ ಎಡಗೈಯಲ್ಲಿ ಕಾಲರ್ ತಿರುವಿದರು. ಹೆಬ್ಬೆರಳು ಒಳಗಡೆ ನೂಲು ಹುಡುಕುತ್ತ ಹೋಯಿತು. ಒಂದು ಕಡೆ ನಿಂತಿತು. ಅಲ್ಲೇ ಹಿಂದಕ್ಕೂ ಮುಂದಕ್ಕೂ ಸವರಿತು. ಅವರ ಮುಖ ಬಿಳಿಚಿಕೊಂಡದ್ದು ಕಂಡು, ಕೊಂದೇಬಿಟ್ಟೆನಾ ಎಂದುಕೊಂಡೆ.

"ನೂಲು ನಾನೇ ಕತ್ತರಿಸಿಬಿಟ್ಟೆ ಅತ್ತೆ" ಎಂದೆ. "ಅವಸರದಲ್ಲಿ, ಯಾರದು ಅಂತ ನೋಡದೆ. ನಂದೇ ತಪ್ಪು. ಬೈಯೋದಾದ್ರೆ ನನ್ನನ್ನ ಬೈಯಿರಿ."

"ಸುಳ್ಳಿ" ಎಂದರು ಅತ್ತೆ. ಬಿದ್ದಾಗಿನಿಂದ ತೊದಲುತ್ತಿದ್ದ ಬಾಯಿಂದ ಆ ಮಾತು ಮಾತ್ರ ಸ್ಪಷ್ಟವಾಗಿ ಬಂತು. "ನೀನು... ಬಾಲ ಬಿಡ್ತೀಯ."

ಬಿಡುತ್ತೇನೆ. ಅಕ್ಕನೂ ಬಿಡುತ್ತಾಳೆ. ಭಾವನಂತೂ ಹಲ್ಲಿನಲ್ಲಿ ಕಡಿಯುತ್ತಾರೆ. ಈ ಅಂಗಿಯಲ್ಲಿ ನೂಲಿನ ಒಂದು ಎಳೆಯೂ ಉಳಿದಿರಲಿಲ್ಲ, ಸೂಜಿಯ ತೂತುಗಳಷ್ಟೇ ಇದ್ದವು.

"ಹೀಗೆ ಬುಡಕ್ಕೆ... ಕತ್ತರಿಸೋಳು..." ಅತ್ತೆಗೆ ಉಸಿರು ಸಾಲಲಿಲ್ಲ. ನಿಲ್ಲಿಸಿದರು. ಎಡಗೈ ನನ್ನ ಮಣಿಕಟ್ಟನ್ನು ಹಿಡಿದುಕೊಂಡಿತು. "ಬಂದಿದ್ದಾಳಾ?"

ನಾನು ಕೆಳಗೆ ಓಡಿದೆ. ಮೆಟ್ಟಿಲಲ್ಲಿ ಯಾರಿಗೋ ಡಿಕ್ಕಿ ಹೊಡೆದೆ, ಯಾರೋ ಬೈದರು. ವ್ಯಾನು ಹೊರಟುಹೋಗಿದ್ದರೆ? ಹೋಗಿರಲಿಲ್ಲ. ನಾದಿನಿ ವ್ಯಾನಿನಿಂದ ಇಳಿದು, ಇನ್ನೂ ಹಸಿರು ಪರದೆಯನ್ನೇ ನೋಡುತ್ತ ನಿಂತಿದ್ದಳು.

"ಬಾ. ಕರೀತಿದ್ದಾರೆ."

"ಹೇಳಿಬಿಟ್ರಾ ಅತ್ತಿಗೆ?"

"ನಾನೆಲ್ಲಿ ಹೇಳಿದೆ! ನೀನು ಕತ್ತರಿಸಿದ್ದು ನೋಡಿ ಅವರೇ ಕಂಡುಹಿಡಿದ್ರು. ಬಾರೇ ಮಾರಾಯ್ತಿ!"

ಬಾಗಿಲ ತನಕ ಬಂದವಳು ಅಲ್ಲೇ ನಿಂತಳು, ನಮ್ಮ ಹೊಸಿಲ ಆಚೆ ನಿಂತ ಹಾಗೆಯೇ. ಅತ್ತೆ ಅವಳನ್ನು ನೋಡಿದರು. ನನ್ನನ್ನು ನೋಡುವ ಹಾಗೆ ಕೆಳಗಿನಿಂದ ಮೇಲಿನವರೆಗೆ ಅಲ್ಲ. ಮುಖವೊಂದನ್ನೇ, ಎಷ್ಟೋ ಹೊತ್ತು. ನನಗೆ ಅಲ್ಲಿ ನಿಲ್ಲಲೂ ಆಗದು, ಹೋಗಲೂ ಆಗದು. ಕೊನೆಗೆ ಅತ್ತೆ ಮಡಿಲಲ್ಲಿದ್ದ ಅಂಗಿಯನ್ನು ಎಡಗೈಯಲ್ಲಿ ಎತ್ತಿ ಅವಳ ಕಡೆ ಚಾಚಿದರು. ದಿನವೂ ಗಿರಾಕಿಗಳಿಗೆ ಗಂಟು ಚಾಚುವಂತೆಯೇ.

"ಇದು... ನಿಮ್ಮನೇದು."

ನಾದಿನಿಗೆ ತಿಳಿಯಲಿಲ್ಲ. ನನಗೂ ತಿಳಿಯಲಿಲ್ಲ.

"ಹುಡುಗನಿಗೆ" ಎಂದರು ಅತ್ತೆ. "ಸ್ಕೂಲು... ತೆರೆಯುತ್ತಲ್ಲ."

ಆಗ ಗೊತ್ತಾಯಿತು. ಕಲೆಯಿಲ್ಲದ್ದಕ್ಕೆ, ಸವೆತವಿಲ್ಲದ್ದಕ್ಕೆ, ಯಾರ ಬಾಗಿಲಿಗೂ ಸೇರದ್ದಕ್ಕೆ ಕಾರಣ ಗೊತ್ತಾಯಿತು. ಹೊಸ ಅಂಗಿ. ಯಾವತ್ತೋ ಕೊಂಡು ತಂದು, ಹೊಸ ಬಟ್ಟೆಯ ಗಡಸು ಹೋಗಲೆಂದು ಊರ ಮಕ್ಕಳ ಅಂಗಿಗಳ ಜೊತೆ ಒಗೆಯಲು ಹಾಕಿದ್ದರು. ನಮ್ಮ ಗಿರಾಕಿಗಳ ಮನೆಗಳ ನಡುವೆ ಮಗಳ ಮನೆಗೂ ಒಂದು ನೂಲು ಇಟ್ಟಿದ್ದರು. ಅದು ಯಾವ ಬಣ್ಣವೋ ಅವರಿಗೇ ಗೊತ್ತು. ಮಗಳೇ ಬಂದು ಅದನ್ನು ನೋಡದೆ ಕತ್ತರಿಸಿದ್ದಳು.

ನಾದಿನಿ ಅಂಗಿಯನ್ನು ಎರಡೂ ಕೈಯಲ್ಲಿ ಬಿಡಿಸಿ ಹಿಡಿದಳು. ಅವಳ ಕಣ್ಣಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. ಇಷ್ಟು ವರ್ಷದ ಮೇಲೆ ತಾಯಿಯ ಹತ್ತಿರ ಆಡಲು ಅವಳಿಗೆ ಬೇರೆ ಮಾತು ಸಿಗಲಿಲ್ಲ.

"ಚಿಕ್ಕದಾಗುತ್ತಮ್ಮ" ಎಂದಳು. "ಅವನು ನನ್ನ ಎದೆ ತನಕ ಬಂದಿದ್ದಾನೆ."

ಅತ್ತೆಗೆ ಸಿಟ್ಟು ಬಂತು. ಅರ್ಧ ಮುಖದಲ್ಲೇ ಬಂದರೂ ಅದು ನಮ್ಮತ್ತೆಯ ಅಸಲಿ ಸಿಟ್ಟು. ಅದನ್ನು ಕಂಡು ನನಗೆ ಎಷ್ಟು ಸಮಾಧಾನವಾಯಿತೆಂದರೆ ಅಲ್ಲೇ ಗೋಡೆಗೆ ಒರಗಿ ಅತ್ತುಬಿಟ್ಟೆ.

"ಅಳತೆ..." ಎಂದರು. ಉಸಿರು ತೆಗೆದುಕೊಂಡರು. "ಅಳತೆ ಯಾರು... ಕೊಟ್ರು ನಂಗೆ?"

ನಾದಿನಿ ಹೊಸಿಲು ದಾಟಿ ಒಳಗೆ ಬಂದಳು. ಕೆಳಗೆ ಅಂಗಳದಲ್ಲಿ ನನ್ನ ಗಂಡ, ಆಸ್ಪತ್ರೆ ಎಂಬ ಪರಿವೆಯೂ ಇಲ್ಲದೆ, ಬಸ್ಸಿಗೆ ಹೊತ್ತಾಯಿತೆಂದು ಹಾರ್ನ್ ಹೊಡೆಯುತ್ತಲೇ ಇದ್ದರು. ನಾವು ಯಾರೂ ಇಳಿದು ಹೋಗಲಿಲ್ಲ.